ಬಾತಿನ ಗೊಬ್ಬರ: ಸಿರುಗುಪ್ಪದ ಕೂಳೆಗದ್ದೆ ಮತ್ತು ಜಪಾನಿನ ನಾಟಿಗದ್ದೆ

ಮುಂಗಾರಿ ಭತ್ತದ ಕೊಯ್ಲು ಮುಗಿದು ಕೊಯ್ಲು ಯಂತ್ರಗಳು ಗದ್ದೆಯಿಂದ ಹೊರಬಿದ್ದ ಮೇಲೆ ಸಿರುಗುಪ್ಪ ತಾಲ್ಲೂಕಿನ ಕಾಲುವೆ ಬಯಲಿಗೆ ಬಾತಿನ ಹಿಂಡುಗಳು ಬರುತ್ತವೆ. ಆಂಧ್ರ, ತಮಿಳುನಾಡಿನ ಕಡೆಯಿಂದ ಬಂದಿಳಿಯುವ ಈ ಹಿಂಡುಗಳಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮೇಲ್ಪಟ್ಟು ಬಾತುಗಳಿರುತ್ತವೆ. ಕೋಲು ಹಿಡಿದ ಇಬ್ಬರು ಮೂವರು ಬೆಳಿಗ್ಗೆ ಅವುಗಳನ್ನು ಕೂಳೆ ಗದ್ದೆಗೆ ಅಟ್ಟುತ್ತಾರೆ. ಉದುರಿದ ಕಾಳು, ಬಸವನಹುಳು, ಸಣ್ಣ ಏಡಿ, ಹುಳ ಹುಪ್ಪಟೆ ಎಲ್ಲವನ್ನೂ ಹೆಕ್ಕುತ್ತ ಬಾತುಗಳು ಗದ್ದೆಯಿಂದ ಗದ್ದೆಗೆ ಸಾಗುತ್ತವೆ. ಸಂಜೆಯಾದೊಡನೆ ಕಾಲುವೆ ದಂಡೆಗೋ ಹಳ್ಳದ ಬದಿಗೋ ಕಟ್ಟಿದ ಬಲೆಯ ದೊಡ್ಡಿಯೊಳಗೆ ಅವುಗಳನ್ನು ಕೂಡಿಸಲಾಗುತ್ತದೆ. ಮರುದಿನ ನಸುಕಿನಲ್ಲಿ ಮೊಟ್ಟೆ ಆರಿಸಿಕೊಂಡ ಮೇಲೆ ಮತ್ತೆ ಬಯಲು.

ತೆಕ್ಕಲಕೋಟೆ ಕಡೆಯ ರೈತರೊಬ್ಬರು ಈ ಬಗ್ಗೆ ನಮ್ಮೊಡನೆ ಹೇಳಿದ ಮಾತು ಹೀಗಿದೆ: "ಬಾತು ಬಿಟ್ರ ಹೊಲಕ್ಕ ಗೊಬ್ಬರ ಆಗತೈತಿ ಅಂತಾರ್ರೀ. ಹತ್ತು ದಿನ ಬಿಟ್ಟೀನಿ. ನನಗ ಸಿಕ್ಕಿದ್ದು ಬರೇ ಪುಕ್ಕ." ಅವರ ಪಕ್ಕದ ಗದ್ದೆಯವರ ದೂರು ಇದಕ್ಕೆ ತೀರ ವಿರುದ್ಧವಾಗಿತ್ತು. ಅವರ ಗದ್ದೆಯ ಒಂದು ಮೂಲೆಯಲ್ಲಿ ಹಿಂಡು ಒಂದು ವಾರ ರಾತ್ರಿ ತಂಗಿತ್ತು. ಮುಂದಿನ ಬೆಳೆಯಲ್ಲಿ ಆ ಮೂಲೆ ಮಾತ್ರ ಕಡುಹಸಿರಾಗಿ ಸೊಕ್ಕಿ ಬೆಳೆದು, ತೆನೆ ತುಂಬುವ ಹೊತ್ತಿಗೆ ನೆಲಕ್ಕೆ ಮಲಗಿತು. ಒಬ್ಬರಿಗೆ ಗೊಬ್ಬರವೇ ಸಿಗಲಿಲ್ಲ, ಇನ್ನೊಬ್ಬರಿಗೆ ಅತಿಯಾಗಿ ಸಿಕ್ಕಿತು. ಎರಡೂ ಒಂದೇ ಹಿಂಡಿನ ಹಿಕ್ಕೆಯ ಕಥೆ.

ಬಾತಿನ ಗೊಬ್ಬರವನ್ನು ಭತ್ತಕ್ಕೆ ಬಳಸುವ ವಿಷಯ ಬಂದಾಗಲೆಲ್ಲ ಜಪಾನಿನ ಉದಾಹರಣೆ ಕೇಳಿಬರುತ್ತದೆ. ಅಲ್ಲಿ ಬಾತುಗಳನ್ನು ಗದ್ದೆಗೆ ಬಿಟ್ಟು ರಸಗೊಬ್ಬರವಿಲ್ಲದೆ ಭತ್ತ ಬೆಳೆಯುತ್ತಾರೆ, ನಮ್ಮಲ್ಲಿ ಏಕಾಗದು ಎಂದು ರೈತರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಎರಡು ದೇಶಗಳಲ್ಲಿ ಬಾತು ಗದ್ದೆಗೆ ಇಳಿಯುವ ಕಾಲ ಬೇರೆ, ನೀರು ಬೇರೆ, ಮಣ್ಣು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ ಬಾತು ರಾತ್ರಿ ಮಲಗುವ ಜಾಗ ಬೇರೆ.

ಹಿಕ್ಕೆಯಲ್ಲಿ ಏನಿದೆ?

ದನ, ಕುರಿಗಳಂತೆ ಹಕ್ಕಿಗಳಿಗೆ ಸಗಣಿ ಬೇರೆ, ಗಂಜಲ ಬೇರೆ ಇಲ್ಲ. ಎರಡೂ ಒಟ್ಟಿಗೆ ಬೀಳುತ್ತವೆ. ಹಿಕ್ಕೆಯ ಮೇಲೆ ಕಾಣುವ ಬಿಳಿ ಭಾಗವೇ ಅವುಗಳ ಮೂತ್ರ. ಅದರಲ್ಲಿರುವುದು ಯೂರಿಕ್ ಆಮ್ಲ. ಸಾರಜನಕದ ಹೆಚ್ಚಿನ ಪಾಲು ಅದರಲ್ಲಿಯೇ ಇರುವುದರಿಂದ ಕೋಳಿ, ಬಾತುಗಳ ಗೊಬ್ಬರ ಕೊಟ್ಟಿಗೆ ಗೊಬ್ಬರಕ್ಕಿಂತ ತೀಕ್ಷ್ಣವಾದುದು.

ಹಸಿ ಬಾತಿನ ಹಿಕ್ಕೆಯಲ್ಲಿ ಅರ್ಧಕ್ಕೂ ಹೆಚ್ಚು ನೀರಿರುತ್ತದೆ. ಸಾರಜನಕ ಸುಮಾರು ಶೇ. 1, ರಂಜಕ ಸುಮಾರು ಶೇ. 1.4, ಪೊಟ್ಯಾಷ್ ಸುಮಾರು ಶೇ. 0.6 ಇರುತ್ತದೆ. ಬಾತು ತಿನ್ನುವ ಆಹಾರದಂತೆ ಇದು ಹೆಚ್ಚು ಕಡಿಮೆಯಾಗಬಹುದು. ನಾವು ಸಾಮಾನ್ಯವಾಗಿ ಬಳಸುವ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5, ರಂಜಕ ಶೇ. 0.2, ಪೊಟ್ಯಾಷ್ ಶೇ. 0.5ರಷ್ಟಿರುತ್ತದೆ. ಎರಡನ್ನೂ ಹೋಲಿಸಿದರೆ ಸಾರಜನಕ ಎರಡು ಪಟ್ಟು, ರಂಜಕ ಏಳು ಪಟ್ಟು. ಪೊಟ್ಯಾಷ್‌ನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಆದ್ದರಿಂದ ಬಾತಿನ ಗೊಬ್ಬರವನ್ನು ಮುಖ್ಯವಾಗಿ ರಂಜಕದ ಗೊಬ್ಬರವೆಂದೇ ತಿಳಿಯುವುದು ಲೇಸು. ಯೂರಿಯದ ಬದಲಿ ಎಂದು ಹೊರಟವರಿಗೆ ನಿರಾಶೆಯಾಗುತ್ತದೆ.

ಜಪಾನಿನ ಪದ್ಧತಿ

ಜಪಾನಿನ ದಕ್ಷಿಣ ಭಾಗದಲ್ಲಿ ಫುಕುವೋಕಾ ಎಂಬ ಪ್ರಾಂತವಿದೆ. (ನಮ್ಮಲ್ಲಿ ಸಹಜ ಕೃಷಿಯಿಂದ ಪರಿಚಿತರಾದ ಮಸನೊಬು ಫುಕುವೋಕಾ ಅವರ ಊರು ಇದಲ್ಲ, ಇದು ಕೇವಲ ಪ್ರಾಂತದ ಹೆಸರು.) ಅಲ್ಲಿನ ಕೇಸೆನ್ ಎಂಬ ಊರಿನ ರೈತ ಟಕಾವೊ ಫುರುನೊ ಅವರು 1988ರಿಂದ ಭತ್ತದ ಗದ್ದೆಯಲ್ಲಿ ಬಾತು ಸಾಕುವ ಪದ್ಧತಿಯನ್ನು ರೂಢಿಸಿದರು. ಕಾಡುಬಾತು ಮತ್ತು ಸಾಕುಬಾತುಗಳ ಮಿಶ್ರತಳಿಯಾದ 'ಐಗಾಮೊ' ಎಂಬ ಹಕ್ಕಿಯ ಹೆಸರೇ ಪದ್ಧತಿಗೂ ನಿಂತಿದೆ. ಗದ್ದೆಗೆ ಬಾತು ಬಿಡುವುದು ಏಷ್ಯಾಕ್ಕೆ ಹೊಸದೇನಲ್ಲ; ಚೀನಾದಲ್ಲಿ ಅದು ಶತಮಾನಗಳಷ್ಟು ಹಳೆಯದು. ಫುರುನೊ ಅವರು ಅದಕ್ಕೆ ಬೇಲಿ, ಲೆಕ್ಕ ಮತ್ತು ಕಾಲಕ್ರಮವನ್ನು ಕೂಡಿಸಿದರು.

ಪದ್ಧತಿ ಹೀಗಿದೆ. ನಾಟಿ ಮಾಡಿದ ಒಂದೆರಡು ವಾರಗಳಲ್ಲಿ, ಸಸಿ ಬೇರು ಹಿಡಿದ ಮೇಲೆ, ಒಂದೆರಡು ವಾರದ ಬಾತುಮರಿಗಳನ್ನು ಗದ್ದೆಗೆ ಬಿಡುತ್ತಾರೆ. ಸಾವಿರ ಚದರ ಮೀಟರಿಗೆ, ಅಂದರೆ ನಮ್ಮ ಕಾಲು ಎಕರೆಗೆ, 15ರಿಂದ 20 ಮರಿಗಳು. ಗದ್ದೆಯ ಸುತ್ತ ಬಲೆ ಕಟ್ಟಿ ವಿದ್ಯುತ್ ತಂತಿ ಎಳೆಯುತ್ತಾರೆ. ಆರಂಭದ ವರ್ಷಗಳಲ್ಲಿ ನಾಯಿಗಳು ನುಗ್ಗಿ ಫುರುನೊ ಅವರ ಬಾತುಗಳನ್ನು ಕೊಂದು ಹಾಕಿದ್ದವು. ತಂತಿ ಬೇಲಿ ಬಂದ ಮೇಲೆಯೇ ಪದ್ಧತಿ ನೆಲೆ ನಿಂತಿತು. ಮರಿಗಳು ಹಗಲು ರಾತ್ರಿ ಅದೇ ಗದ್ದೆಯಲ್ಲಿರುತ್ತವೆ. ಮೂಲೆಯಲ್ಲಿ ಅವುಗಳಿಗೊಂದು ಸಣ್ಣ ಗೂಡು. ಗದ್ದೆಯಲ್ಲಿ ಸದಾ ನೀರು ನಿಂತಿರುತ್ತದೆ. ನೀರಿನ ಮೇಲೆ ಅಜೋಲವನ್ನೂ ಬಿಡುತ್ತಾರೆ. ಅಜೋಲ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ, ಬಾತು ಅಜೋಲವನ್ನು ತಿನ್ನುತ್ತದೆ, ತಿಂದದ್ದು ಹಿಕ್ಕೆಯಾಗಿ ಗದ್ದೆಗೇ ಬೀಳುತ್ತದೆ. ಇದರೊಡನೆ ನುಚ್ಚು ಮೊದಲಾದ ಮೇವನ್ನು ದಿನವೂ ಸ್ವಲ್ಪ ಸ್ವಲ್ಪ ಹಾಕುತ್ತಾರೆ. ಭತ್ತ ತೆನೆ ಕಡೆಯುವ ಹೊತ್ತಿಗೆ, ಸುಮಾರು ಎರಡು ತಿಂಗಳಾದ ಮೇಲೆ, ಬಾತುಗಳನ್ನು ಹೊರಗೆ ತೆಗೆದು ಮಾಂಸಕ್ಕಾಗಿ ಕೊಬ್ಬಿಸುತ್ತಾರೆ. ತೆಗೆಯದಿದ್ದರೆ ಅವು ತೆನೆಯನ್ನೇ ತಿನ್ನುತ್ತವೆ.

ಇಲ್ಲಿ ಗೊಬ್ಬರದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಹಿಕ್ಕೆ ನೀರಿಗೆ ಬೀಳುತ್ತದೆ. ಬಾತಿನ ಪಾದಗಳು ಅದನ್ನು ಆ ಕ್ಷಣವೇ ಕೆಸರಿಗೆ ತುಳಿಯುತ್ತವೆ. ಜಪಾನಿನ ಭತ್ತದ ಮಣ್ಣುಗಳು ಸಾಮಾನ್ಯವಾಗಿ ಹುಳಿ ಮಣ್ಣುಗಳು. ಗಾಳಿಯಾಡದ ಹುಳಿ ಕೆಸರಿನಲ್ಲಿ ಯೂರಿಕ್ ಆಮ್ಲ ಕರಗಿ ಅಮೋನಿಯಂ ರೂಪಕ್ಕೆ ಬಂದು ಮಣ್ಣಿಗೆ ಅಂಟಿಕೊಂಡಿರುತ್ತದೆ. ಅಲ್ಲಿಯೇ ತೆಂಡೆ ಒಡೆಯುತ್ತಿರುವ ಭತ್ತದ ಬೇರು ಕಾದಿರುತ್ತದೆ. ದಿನವೂ ಚೂರು ಚೂರು ಗೊಬ್ಬರ, ದಿನವೂ ಚೂರು ಚೂರು ಊಟ. ಒಳ್ಳೆಯ ರೈತ ಯೂರಿಯವನ್ನು ಮೂರು ಕಂತಿನಲ್ಲಿ ಹಾಕಿದರೆ, ಬಾತು ಅರವತ್ತು ಕಂತಿನಲ್ಲಿ ಹಾಕುತ್ತದೆ.

ಇಷ್ಟಾದರೂ ಮೊತ್ತವೆಷ್ಟು? ಚೀನಾದ ಭತ್ತ–ಬಾತು ಪದ್ಧತಿಯ ಬರಹಗಳಲ್ಲಿ ಸಾಮಾನ್ಯವಾಗಿ ಕೊಡುವ ಲೆಕ್ಕದಂತೆ, ಗದ್ದೆಯಲ್ಲಿರುವ ಎರಡು ತಿಂಗಳಲ್ಲಿ ಒಂದು ಬಾತು ಸುಮಾರು 10 ಕಿ.ಗ್ರಾಂ. ಹಿಕ್ಕೆ ಹಾಕುತ್ತದೆ. ಅದರಲ್ಲಿ ಸುಮಾರು 47 ಗ್ರಾಂ ಸಾರಜನಕ, 70 ಗ್ರಾಂ ರಂಜಕ, 31 ಗ್ರಾಂ ಪೊಟ್ಯಾಷ್. ಹೆಕ್ಟೇರಿಗೆ 200 ಬಾತು ಎಂದರೆ 9ರಿಂದ 10 ಕಿ.ಗ್ರಾಂ. ಸಾರಜನಕ, 14 ಕಿ.ಗ್ರಾಂ. ರಂಜಕ ಆಯಿತು. ತುಂಗಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಶಿಫಾರಸು ಹೆಕ್ಟೇರಿಗೆ 150:75:75 ಕಿ.ಗ್ರಾಂ. ಸಾರಜನಕ, ರಂಜಕ, ಪೊಟ್ಯಾಷ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಸಾರಜನಕದಲ್ಲಿ ಹದಿನೈದನೆಯ ಒಂದು ಪಾಲು, ರಂಜಕದಲ್ಲಿ ಐದನೆಯ ಒಂದು ಪಾಲು. ಜಪಾನಿನ ಪದ್ಧತಿಯ ಲಾಭ ಬರಿಯ ಹಿಕ್ಕೆಯಿಂದ ಬರುತ್ತದೆ ಎಂದುಕೊಂಡರೆ ಅದು ತಪ್ಪು ತಿಳಿವಳಿಕೆ. ಬಾತು ಕಳೆ ತಿನ್ನುತ್ತದೆ, ಜಿಗಿಹುಳುವನ್ನು ತಿನ್ನುತ್ತದೆ, ನೀರು ಕದಡಿ ಹೊಸ ಕಳೆ ಮೊಳೆಯದಂತೆ ಮಾಡುತ್ತದೆ, ಕೊನೆಗೆ ಮಾಂಸವೂ ಆಗುತ್ತದೆ. ಗೊಬ್ಬರ ಅದರ ಹಲವು ಕೆಲಸಗಳಲ್ಲಿ ಒಂದು.

ಸಿರುಗುಪ್ಪದ ಗದ್ದೆ

ನಮ್ಮ ಬಯಲಿಗೆ ಬರೋಣ. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ನದಿ ದಂಡೆಯಲ್ಲಿ ಭತ್ತ ಅಂದಿನಿಂದಲೂ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಬಲದಂಡೆ ಕೆಳಮಟ್ಟದ ಕಾಲುವೆಯಲ್ಲಿ ನೀರು ಹರಿದ ಮೇಲೆ ಎರೆಭೂಮಿಗೂ ಭತ್ತ ಹಬ್ಬಿತು. ಯೋಜನೆ ಮಾಡಿದವರು ಈ ಎರೆಗೆ ಜೋಳ, ಹತ್ತಿ, ಶೇಂಗಾದಂತಹ ಅರೆನೀರಾವರಿ ಬೆಳೆಗಳನ್ನೇ ಹೆಚ್ಚಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದರು. ರೈತರು ಭತ್ತವನ್ನು ಆರಿಸಿಕೊಂಡರು. ಅದರ ಆದಾಯವನ್ನೂ ಕಂಡೆವು, ಅದರ ಬೆನ್ನಿಗೆ ಬಂದ ಸವಳು ಜವಳನ್ನೂ ಕಾಣುತ್ತಿದ್ದೇವೆ.

ಈ ಎರೆಮಣ್ಣು ಸುಣ್ಣದಂಶವಿರುವ ಕ್ಷಾರ ಗುಣದ ಮಣ್ಣು. ರಸಸಾರ ಸಾಮಾನ್ಯವಾಗಿ 8ರ ಮೇಲೆಯೇ ಇರುತ್ತದೆ. ಹಿಂಡು ಬರುವುದು ಕೊಯ್ಲಾದ ಮೇಲೆ, ಗದ್ದೆ ಒಣಗುವ ಕಾಲದಲ್ಲಿ. ಅಂದರೆ ಹಿಕ್ಕೆ ಬೀಳುವುದು ಒಣನೆಲದ ಮೇಲೆ, ಕ್ಷಾರ ಮಣ್ಣಿನ ಮೇಲೆ, ಏರುತ್ತಿರುವ ಬಿಸಿಲಿಗೆ. ಅಮೋನಿಯ ಗಾಳಿಗೆ ಹಾರಿಹೋಗಲು ಇದಕ್ಕಿಂತ ಅನುಕೂಲವಾದ ಪರಿಸ್ಥಿತಿ ಬೇರೆ ಬೇಕಿಲ್ಲ. ದೊಡ್ಡಿಯ ಹತ್ತಿರ ಹೋದರೆ ಮೂಗಿಗೆ ಬಡಿಯುವ ಘಾಟು ನಿಮ್ಮ ಸಾರಜನಕವೇ. ಹಾರದೆ ಉಳಿದದ್ದು ಒಣನೆಲದಲ್ಲಿ ನಿಧಾನವಾಗಿ ನೈಟ್ರೇಟ್ ಆಗುತ್ತದೆ. ಜನವರಿಯಲ್ಲಿ ಬಿದ್ದ ಹಿಕ್ಕೆಗೆ ಜುಲೈ ಆಗಸ್ಟಿನಲ್ಲಿ ಕಾಲುವೆ ನೀರು ಬಂದು ಗದ್ದೆ ಕೆಸರಾದಾಗ, ಆ ನೈಟ್ರೇಟ್ ಕೂಡ ಅನಿಲವಾಗಿ ನಷ್ಟವಾಗುತ್ತದೆ ಅಥವಾ ಬಸಿದು ಹೋಗುತ್ತದೆ. ರಂಜಕ ಮತ್ತು ಸಾವಯವ ಅಂಶ ಮಾತ್ರ ಹಾರುವುದಿಲ್ಲ; ಅವು ನೆಲದಲ್ಲಿ ಉಳಿಯುತ್ತವೆ. ಒಂದೇ ಹಿಕ್ಕೆ ಫುಕುವೋಕಾದ ಕೆಸರಿನಲ್ಲಿ ಒಂದು ಬಗೆಯ ಗೊಬ್ಬರ, ಸಿರುಗುಪ್ಪದ ಒಣಗಿದ ಎರೆಯ ಮೇಲೆ ಇನ್ನೊಂದು ಬಗೆಯ ಗೊಬ್ಬರ.

ಹಾಗಾದರೆ ಜಪಾನಿನಂತೆ ನಾಟಿ ಗದ್ದೆಗೇ ಬಾತುಮರಿ ಬಿಡಬಾರದೇಕೆ? ಬಿಡಬಾರದೆಂದೇನಿಲ್ಲ. ಕೊಳವೆಬಾವಿ ಅಥವಾ ಹೊಳೆಯ ನೀರು ಕೈಯಲ್ಲಿದ್ದು, ಮನೆಗೆ ಹತ್ತಿರವಾದ ಕಾಲು ಎಕರೆಯಲ್ಲಿ ಆಸಕ್ತ ರೈತರು ಪ್ರಯತ್ನಿಸಿ ನೋಡಬಹುದು. ಆದರೆ ಕಾಲುವೆಯ ಸರದಿ ನೀರನ್ನು ನಂಬಿದ ದೊಡ್ಡ ಮಡಿಗಳಲ್ಲಿ ತೊಂದರೆಗಳು ಹಲವು. ಸರದಿ ತಪ್ಪಿ ಮಡಿ ಒಣಗಿದರೆ ಮರಿಗಳು ಸಸಿಯನ್ನೇ ತುಳಿಯುತ್ತವೆ. ನಾಯಿ, ನರಿ, ಮುಂಗುಸಿಗಳಿಂದ ಕಾಯಲು ಬೇಲಿ ಬೇಕು. ನಮ್ಮ ಬೇಸಿಗೆಯ ಬಿಸಿಲಿಗೆ ಅಜೋಲ ಬಾಡುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಕೀಟನಾಶಕ. ಸೋನಾ ಮಸೂರಿಯಂತಹ ತಳಿಗೆ ಬೆಂಕಿರೋಗ, ಕಂದು ಜಿಗಿಹುಳುವಿನ ಭಯದಿಂದ ಹಲವು ಬಾರಿ ಔಷಧ ಹೊಡೆಯುವ ಗದ್ದೆಯಲ್ಲಿ, ಅದೂ ಪಕ್ಕದ ಗದ್ದೆಯ ನೀರು ನಮ್ಮ ಗದ್ದೆಗೆ ಇಳಿಯುವ ಕಡೆ, ಬಾತು ಬದುಕುವುದು ಕಷ್ಟ. ಆದ್ದರಿಂದ ನಮ್ಮ ರೈತರಿಗೆ ಈಗ ಕೈಗೆಟಕುವುದು ಬೇಡದೆ ಬರುವ ಕೂಳೆಗದ್ದೆಯ ಹಿಂಡು. ಅದರ ಗೊಬ್ಬರವನ್ನು ಸರಿಯಾಗಿ ಹಿಡಿಯುವುದೇ ಮೊದಲ ಕೆಲಸ.

ಸಾರ ಬರುವುದು ಎಲ್ಲಿಂದ?

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬಾತು ಗೊಬ್ಬರವನ್ನು ಸೃಷ್ಟಿಸುವುದಿಲ್ಲ, ಸಾಗಿಸುತ್ತದೆ. ಗದ್ದೆಯಲ್ಲಿ ಉದುರಿದ ಒಂದು ಕ್ವಿಂಟಾಲ್ ಭತ್ತದಲ್ಲಿ ಸುಮಾರು 1.2 ಕಿ.ಗ್ರಾಂ. ಸಾರಜನಕವಿರುತ್ತದೆ. ಬಾತು ಅದನ್ನು ತಿಂದು ಅದೇ ಗದ್ದೆಯಲ್ಲಿ ಪೂರ್ತಿ ಹಿಕ್ಕೆ ಹಾಕಿದರೂ ಗದ್ದೆಗೆ ಹೊಸದಾಗಿ ಏನೂ ಸೇರಲಿಲ್ಲ. ನಿಜವಾಗಿ ಆಗುವುದು ಇನ್ನೂ ಕಡಿಮೆ; ಒಂದಿಷ್ಟು ಮೊಟ್ಟೆಯಾಗಿ ಸಂತೆಗೆ ಹೋಗುತ್ತದೆ, ಒಂದಿಷ್ಟು ರಾತ್ರಿಯ ದೊಡ್ಡಿಗೆ ಹೋಗುತ್ತದೆ. ಹಗಲು ಮಾತ್ರ ಬಾತು ಬಿಟ್ಟ ರೈತರಿಗೆ ಪುಕ್ಕ ಮಾತ್ರ ಸಿಕ್ಕಿತೆಂಬ ಮಾತು ಹಾಸ್ಯವಲ್ಲ, ಲೆಕ್ಕವೇ ಹಾಗಿದೆ. ಅವರ ಗದ್ದೆಗೆ ಬಾತಿನಿಂದ ಲಾಭ ಆಗಿಲ್ಲವೆಂದಲ್ಲ. ಉದುರಿದ ಕಾಳು ಹೋಗಿದ್ದರಿಂದ ಮುಂದಿನ ಬೆಳೆಯಲ್ಲಿ ತಾನಾಗಿ ಹುಟ್ಟುವ ಬೆರಕೆ ಭತ್ತ ಕಡಿಮೆಯಾಗುತ್ತದೆ, ಹುಳಗಳೂ ಕಡಿಮೆಯಾಗುತ್ತವೆ. ಆದರೆ ಅದು ಗೊಬ್ಬರದ ಲಾಭವಲ್ಲ.

ಗೊಬ್ಬರ ಸಿಗುವುದು ಹಿಂಡು ಮಲಗಿದವರಿಗೆ. ಹಿಂಡು ಹಗಲೆಲ್ಲ ಹತ್ತಾರು ಎಕರೆಯಿಂದ ಹೆಕ್ಕಿದ್ದನ್ನು ರಾತ್ರಿ ಒಂದು ತುಂಡು ಜಾಗದಲ್ಲಿ ಇಳಿಸುತ್ತದೆ. ಇದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯಲ್ಲ. ಹೊಲದಲ್ಲಿ ಕುರಿ ತರುಬುವ ಪದ್ಧತಿಯ ಮರ್ಮವೇ ಇದು. ಕುರಿ ಎಲ್ಲಿ ಮೇಯ್ದರೂ ರಾತ್ರಿ ನಮ್ಮ ಹೊಲದಲ್ಲಿ ಮಲಗಲಿ ಎಂದು ಕುರಿಗಾಹಿಗೆ ಕಾಳು, ಹಣ ಕೊಟ್ಟು ಕರೆಯುತ್ತೇವೆ. ಬಾತಿನ ವಿಷಯದಲ್ಲಿ ಮಾತ್ರ ನಾವು ಹಗಲಿನ ಮೇವಿಗೆ ಮೊಟ್ಟೆಯನ್ನೋ ಹಣವನ್ನೋ ಕೇಳಿ, ರಾತ್ರಿಯ ಗೊಬ್ಬರವನ್ನು ಕಾಲುವೆಗೆ ಬಿಟ್ಟುಕೊಡುತ್ತೇವೆ.

ಕಾಲುವೆಗೆ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಸಾವಿರ ಬಾತು ಒಂದು ರಾತ್ರಿ ದಂಡೆಯ ಮೇಲೆ ಹಾಕಿದ ಹಿಕ್ಕೆ ಮರುದಿನದ ನೀರಿಗೆ ತೊಳೆದು ಹೋಗುತ್ತದೆ. ಅದೇ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿ ಕುಡಿಯುವ ಹಳ್ಳಿಗಳು ಕೆಳಗಡೆ ಇವೆ.

ರಾತ್ರಿ ದೊಡ್ಡಿಯ ಲೆಕ್ಕ

ಬಾತು ದಿನಕ್ಕೆ 100ರಿಂದ 150 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಕಡಿಮೆಯದನ್ನೇ ಹಿಡಿಯೋಣ, ಅದರಲ್ಲಿಯೂ ಅರ್ಧ ಮಾತ್ರ ದೊಡ್ಡಿಯಲ್ಲಿ ಬೀಳುತ್ತದೆಂದು ಇಟ್ಟುಕೊಳ್ಳೋಣ. ಸಾವಿರ ಬಾತಿನಿಂದ ಒಂದು ರಾತ್ರಿಗೆ 50 ಕಿ.ಗ್ರಾಂ. ಹಿಕ್ಕೆ. ಚದರ ಮೀಟರಿಗೆ ನಾಲ್ಕು ಬಾತಿನಂತೆ ದೊಡ್ಡಿ 250 ಚದರ ಮೀಟರ್, ಅಂದರೆ ಹೆಚ್ಚು ಕಡಿಮೆ 16 ಮೀಟರ್ ಉದ್ದ, 16 ಮೀಟರ್ ಅಗಲ. ಈ ಜಾಗಕ್ಕೆ ಒಂದು ರಾತ್ರಿಯಲ್ಲಿ ಅರ್ಧ ಕಿ.ಗ್ರಾಂ. ಸಾರಜನಕ, 0.7 ಕಿ.ಗ್ರಾಂ. ರಂಜಕ, 0.3 ಕಿ.ಗ್ರಾಂ. ಪೊಟ್ಯಾಷ್ ಬೀಳುತ್ತದೆ. ಹೆಕ್ಟೇರಿನ ಲೆಕ್ಕದಲ್ಲಿ ಇದು 20 ಕಿ.ಗ್ರಾಂ. ಸಾರಜನಕ.

ಹಿಂಡು ಒಂದೇ ಜಾಗದಲ್ಲಿ ಏಳು ರಾತ್ರಿ ಮಲಗಿದರೆ ಇದು ಹೆಕ್ಟೇರಿಗೆ 140 ಕಿ.ಗ್ರಾಂ. ಆಯಿತು. ಅದರ ಮೇಲೆ ರೈತರು ಎಂದಿನಂತೆ ಯೂರಿಯ, ಡಿ.ಎ.ಪಿ. ಹಾಕುತ್ತಾರೆ. ಮೂಲೆಯ ಭತ್ತ ಮಲಗದೆ ಇನ್ನೇನಾದೀತು? ಹೀಗೆ ಸೊಕ್ಕಿದ ಬೆಳೆಗೇ ಬೆಂಕಿರೋಗ, ಜಿಗಿಹುಳು ಮೊದಲು ಬರುವುದು.

ದೊಡ್ಡಿಯನ್ನು ಪ್ರತಿ ರಾತ್ರಿ ಪಕ್ಕಕ್ಕೆ ಸರಿಸಿದರೆ 16 ರಾತ್ರಿಗಳಲ್ಲಿ ಒಂದು ಎಕರೆ ಮುಗಿಯುತ್ತದೆ. ಆಗ ಎಕರೆಗೆ 8 ಕ್ವಿಂಟಾಲ್ ಹಸಿ ಹಿಕ್ಕೆ ಸೇರಿ, ಸುಮಾರು 8 ಕಿ.ಗ್ರಾಂ. ಸಾರಜನಕ, 11 ಕಿ.ಗ್ರಾಂ. ರಂಜಕ, 5 ಕಿ.ಗ್ರಾಂ. ಪೊಟ್ಯಾಷ್ ದೊರೆಯುತ್ತದೆ. ಶಿಫಾರಸಿನಂತೆ ಎಕರೆಗೆ ಬೇಕಾದದ್ದು 60:30:30 ಕಿ.ಗ್ರಾಂ. ರಂಜಕದ ಮೂರನೆಯ ಒಂದು ಪಾಲು ಹಿಂಡಿನಿಂದಲೇ ಬಂದಂತಾಯಿತು. ಅರ್ಧ ಚೀಲ ಡಿ.ಎ.ಪಿ.ಯಲ್ಲಿರುವ ರಂಜಕಕ್ಕೆ ಇದು ಸಮ. ಸಾರಜನಕದಲ್ಲಿ ಅರ್ಧ ಹಾರಿಹೋಯಿತೆಂದು ಬಿಟ್ಟರೂ ಉಳಿಯುವ 4 ಕಿ.ಗ್ರಾಂ. ಕಾಲು ಚೀಲ ಯೂರಿಯಕ್ಕಿಂತ ತುಸು ಕಡಿಮೆ. ಇವು ಕಾಗದದ ಮೇಲಿನ ಅಂದಾಜುಗಳು. ಹಿಂಡಿನ ಮೇವು, ಬಾತಿನ ವಯಸ್ಸು, ದೊಡ್ಡಿಯಲ್ಲಿ ಕಳೆಯುವ ಹೊತ್ತು ಇವುಗಳಂತೆ ಬದಲಾಗುತ್ತವೆ. ಹಿಂಡು ಐನೂರಿನದಾದರೆ ದೊಡ್ಡಿಯನ್ನೂ ಅರ್ಧ ಮಾಡಿಕೊಳ್ಳಬೇಕು.

ಬಾತಿನವರೊಡನೆ ಮಾತಾಡುವಾಗ ಮೊಟ್ಟೆ, ಹಣ ಬಿಟ್ಟು ರಾತ್ರಿಗಳನ್ನು ಕೇಳಿರಿ. ಅವರಿಗೂ ಅವರದೇ ಕಷ್ಟಗಳಿವೆ. ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ನಸುಕಿನಲ್ಲಿ, ದೊಡ್ಡಿಯೊಳಗೆ. ಮೊಟ್ಟೆ ಕೊಳೆಯಾಗಬಾರದು, ಒಡೆಯಬಾರದು, ಕಳುವಾಗಬಾರದು. ನೀರು ಹತ್ತಿರವಿರಬೇಕು. ಆದ್ದರಿಂದಲೇ ಅವರು ಕಾಲುವೆ ದಂಡೆಯನ್ನು ಹುಡುಕುತ್ತಾರೆ. ನೀವು ಗದ್ದೆಯೊಳಗೆ ಬಾನಿಗಳಲ್ಲಿ ಕುಡಿಯುವ ನೀರು ಒದಗಿಸಿ, ದೊಡ್ಡಿಯೊಳಗೆ ಒಣಹುಲ್ಲು ಹಾಸಿಕೊಟ್ಟರೆ ಒಪ್ಪುವವರು ಸಿಗುತ್ತಾರೆ. ಒಂದೇ ಎಕರೆಯವರಿಗೆ ಹದಿನಾರು ರಾತ್ರಿ ಹಿಂಡು ನಿಲ್ಲದು. ಅಕ್ಕಪಕ್ಕದ ನಾಲ್ಕೈದು ಜನ ಕೂಡಿ ಮಾತಾಡಿದರೆ ಹಿಂಡಿಗೆ ಹಗಲಿನ ಮೇವೂ ದೊರೆಯುತ್ತದೆ, ರಾತ್ರಿಗಳೂ ಹಂಚಿಕೆಯಾಗುತ್ತವೆ.

ಹುಲ್ಲಿನ ವಿಷಯದಲ್ಲಿ ಇನ್ನೊಂದು ಮಾತು. ಯಂತ್ರದ ಕೊಯ್ಲಿನ ನಂತರ ಸಾಲು ಸಾಲಾಗಿ ಬಿದ್ದ ಹುಲ್ಲಿಗೆ ಬೆಂಕಿ ಹಚ್ಚುವುದನ್ನು ಇಡೀ ಬಯಲಿನಲ್ಲಿ ನೋಡುತ್ತೇವೆ. ಸುಟ್ಟ ಗದ್ದೆಯಲ್ಲಿ ಬಾತಿಗೂ ಮೇವಿಲ್ಲ, ಮಣ್ಣಿಗೂ ಏನಿಲ್ಲ. ಅದೇ ಹುಲ್ಲನ್ನು ಗೇಣಿನ ಅರ್ಧದಷ್ಟು ದಪ್ಪ ದೊಡ್ಡಿಯಲ್ಲಿ ಹರಡಿದರೆ ಹಿಕ್ಕೆಯ ತೇವವನ್ನು ಹೀರಿಕೊಳ್ಳುತ್ತದೆ, ಅಮೋನಿಯವನ್ನು ಸ್ವಲ್ಪಮಟ್ಟಿಗೆ ಹಿಡಿದಿಡುತ್ತದೆ, ಮೊಟ್ಟೆಯೂ ಶುಚಿಯಾಗಿರುತ್ತದೆ. ಹುಲ್ಲಿನಲ್ಲಿ ಇಂಗಾಲ ಹೆಚ್ಚು, ಹಿಕ್ಕೆಯಲ್ಲಿ ಸಾರಜನಕ ಹೆಚ್ಚು. ಎರಡೂ ಸೇರಿದರೆ ಬೇಗ ಕಳಿಯುತ್ತವೆ.

ದೊಡ್ಡಿ ಎದ್ದ ಜಾಗವನ್ನು ಹಾಗೆಯೇ ಬಿಸಿಲಿಗೆ ಬಿಡಬಾರದು. ಎರಡನೇ ಬೆಳೆಗೆ ನೀರು ಬರುವುದಿದ್ದರೆ ಇದು ಸುಲಭ: ನೀರು ಬರುವ ಹದಿನೈದು ಇಪ್ಪತ್ತು ದಿನ ಮೊದಲು ಹಿಂಡು ತರುಬಿ, ಎದ್ದ ಕೂಡಲೇ ಉತ್ತು, ನೀರು ಬಂದೊಡನೆ ಕೆಸರು ಮಾಡಿದರೆ ಹಿಕ್ಕೆಯ ಹೆಚ್ಚಿನ ಸಾರ ಬೆಳೆಗೆ ಸಿಗುತ್ತದೆ. ಜಪಾನಿನ ಕೆಸರಿಗೆ ನಾವು ಅತಿ ಹತ್ತಿರ ಹೋಗುವುದು ಈ ದಾರಿಯಲ್ಲಿಯೇ. ಎರಡನೇ ಬೆಳೆಗೆ ನೀರಿಲ್ಲದ ವರ್ಷ, ದೊಡ್ಡಿ ಎದ್ದ ಮಾರನೆಯ ದಿನವೇ ರೋಟವೇಟರ್ ಅಥವಾ ಕುಂಟೆಯಿಂದ ಹಿಕ್ಕೆಯನ್ನೂ ಹುಲ್ಲನ್ನೂ ಮೇಲ್ಮಣ್ಣಿಗೆ ಸೇರಿಸಬೇಕು. ನಾಲ್ಕು ಬೆರಳು ಮಣ್ಣಿನ ಕೆಳಗೆ ಹೋದ ಅಮೋನಿಯ ಸುಲಭವಾಗಿ ಹಾರದು. ಅದು ಆಗದಿದ್ದರೆ ಹಿಕ್ಕೆ ಕೂಡಿದ ಹುಲ್ಲನ್ನು ಗುಡಿಸಿ ತಿಪ್ಪೆಗುಂಡಿಗೆ ಹಾಕಿ, ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಿರಿ. ಮುಂಗಾರಿಗೆ ಅದು ಸಸಿಮಡಿಗೆ ಒಳ್ಳೆಯ ಗೊಬ್ಬರ.

ಸಾರಜನಕದ ಕೊರತೆಗೆ ಎರೆಭೂಮಿಯಲ್ಲಿ ನಂಬಬಹುದಾದ ಹಸಿರೆಲೆ ಗೊಬ್ಬರ ಡಯಂಚ. ಬಾತಿನಿಂದ ರಂಜಕ, ಡಯಂಚದಿಂದ ಸಾರಜನಕ ಎಂಬ ಜೋಡಿ ನಮ್ಮ ಮಣ್ಣಿಗೆ ಒಪ್ಪುತ್ತದೆ. ಹಿಂಡು ತರುಬಿದ ಗದ್ದೆಯಲ್ಲಿ ಮಳೆಗಾಲದ ಮೊದಲ ನೀರಿಗೆ ಡಯಂಚ ಬಿತ್ತಿ, ಹೂ ಬಿಡುವ ಮೊದಲು ಮಣ್ಣಿಗೆ ಸೇರಿಸಬಹುದು.

ರಸಗೊಬ್ಬರವನ್ನು ಎಷ್ಟು ಇಳಿಸಬೇಕು? ಮೊದಲ ವರ್ಷ ಆತುರ ಬೇಡ. ಮಣ್ಣು ಪರೀಕ್ಷೆ ಮಾಡಿಸಿ. ಹಿಂಡು ತರುಬಿದ ಎಕರೆಯಲ್ಲಿ ಅರ್ಧಕ್ಕೆ ಮಾತ್ರ ಡಿ.ಎ.ಪಿ.ಯನ್ನು ಎಕರೆಗೆ ಅರ್ಧ ಚೀಲದ ಲೆಕ್ಕದಲ್ಲಿ ಇಳಿಸಿ, ಉಳಿದರ್ಧಕ್ಕೆ ಎಂದಿನಂತೆ ಹಾಕಿ, ಎರಡರ ಒಕ್ಕಣೆಯನ್ನೂ ಬೇರೆ ಬೇರೆ ತೂಗಿ ನೋಡಿ. ಇಳಿಸಿದ ಡಿ.ಎ.ಪಿ.ಯ ಜೊತೆಗೆ ಅದರಲ್ಲಿನ ಸಾರಜನಕವೂ ಇಳಿಯುವುದರಿಂದ ಯೂರಿಯವನ್ನು ಬೇರೆ ಇಳಿಸುವುದು ಬೇಡ. ಸತುವಿನ ಸಲ್ಫೇಟನ್ನು ಮಾತ್ರ ಬಿಡಬೇಡಿ. ರಂಜಕ ಹೆಚ್ಚಾದ ಎರೆಮಣ್ಣಿನಲ್ಲಿ ಸತುವಿನ ಕೊರತೆ ಇನ್ನಷ್ಟು ಕಾಣಿಸಿಕೊಳ್ಳುತ್ತದೆ.

ಎಚ್ಚರ ವಹಿಸಬೇಕಾದ ಕಡೆ

ಸವಳು ಹತ್ತಿದ ತುಂಡುಗಳಲ್ಲಿ ದೊಡ್ಡಿಯನ್ನು ಒಂದು ರಾತ್ರಿಗಿಂತ ಹೆಚ್ಚು ನಿಲ್ಲಿಸಬಾರದು. ಹಿಕ್ಕೆಯಲ್ಲಿಯೂ ಲವಣಗಳಿರುತ್ತವೆ. ಬಸಿಗಾಲುವೆ ಇಲ್ಲದ ಕಡೆ ಅವು ಅಲ್ಲಿಯೇ ಉಳಿಯುತ್ತವೆ.

ಔಷಧ ಹೊಡೆದ ಗದ್ದೆಯ ವಿಷಯವನ್ನು ಬಾತಿನವರಿಗೆ ಮೊದಲೇ ತಿಳಿಸಬೇಕು. ಹರಳು ರೂಪದ ಕೀಟನಾಶಕ ಎರಚಿದ ಸಸಿಮಡಿಯ ನೀರು ಕುಡಿದು, ಇಲಿಗೆಂದು ಇಟ್ಟ ವಿಷದ ಕಾಳು ತಿಂದು ಹಿಂಡೇ ಸಾಯಬಹುದು. ಊರೂರು ತಿರುಗುವ ಬಡವರಿಗೆ ಆ ಹಿಂಡೇ ಆಸ್ತಿ. ತಡವಾಗಿ ನಾಟಿಯಾದ ಗದ್ದೆಗಳು ಪಕ್ಕದಲ್ಲಿದ್ದರೆ ಯಾವ ಗದ್ದೆಗೆ ಯಾವಾಗ ಔಷಧ ಬಿತ್ತು ಎಂಬುದನ್ನು ಹೇಳುವುದು ಗದ್ದೆಯವರ ಕರ್ತವ್ಯ.

ಹಕ್ಕಿಜ್ವರದ ವಿಷಯ ಇನ್ನೂ ಗಂಭೀರ. 2014ರ ನವೆಂಬರಿನಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಈ ರೋಗ ಬಾತುಗಳಲ್ಲಿಯೇ ಕಾಣಿಸಿಕೊಂಡಿತು. 2025ರ ಆರಂಭದ ತಿಂಗಳುಗಳಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕೋಳಿಗಳಲ್ಲಿಯೂ ಕಂಡುಬಂದಿತು. ಬಾತು ಕೆಲವೊಮ್ಮೆ ಯಾವ ಲಕ್ಷಣವನ್ನೂ ತೋರದೆ ವೈರಾಣುವನ್ನು ಹೊತ್ತು ತಿರುಗಬಲ್ಲದು, ಹಿಕ್ಕೆಯ ಮೂಲಕ ಹೊರಹಾಕಬಲ್ಲದು. ಆದ್ದರಿಂದ ಹಿಂಡನ್ನು ಊರ ಕೋಳಿಗಳಿಂದ, ಕೋಳಿ ಫಾರಂಗಳಿಂದ ದೂರದ ಗದ್ದೆಯಲ್ಲಿ ತರುಬಬೇಕು. ಹಿಂಡಿನಲ್ಲಿ ಒಂದೇ ದಿನ ಹಲವು ಬಾತು ಸತ್ತರೆ ಕೈಯಲ್ಲಿ ಮುಟ್ಟದೆ, ಕಾಲುವೆಗೆ ಎಸೆಯದೆ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ರೋಗದ ಸುದ್ದಿ ಇರುವ ತಿಂಗಳಲ್ಲಿ ಹೊರಗಿನ ಹಿಂಡಿನ ಗೊಬ್ಬರದ ಆಸೆಯನ್ನು ಬಿಡುವುದೇ ಸರಿ.

ಹಸಿ ಹಿಕ್ಕೆಯನ್ನು ಬರಿಗೈಯಲ್ಲಿ ಬಾಚಬಾರದು. ಬಾತು ಬಿಟ್ಟ ನೀರುಗದ್ದೆಗೆ ಇಳಿದವರ ಕಾಲಿಗೆ ಕೆಲವೊಮ್ಮೆ ತುರಿಕೆಯ ಗುಳ್ಳೆಗಳೇಳುತ್ತವೆ. ಬಾತಿನ ರಕ್ತನಾಳಗಳಲ್ಲಿರುವ ಒಂದು ಪರಾವಲಂಬಿ ಹುಳು ಬಸವನಹುಳುವಿನ ಮೂಲಕ ನೀರಿಗೆ ಬಂದು ಮನುಷ್ಯರ ಚರ್ಮಕ್ಕೆ ಹತ್ತುವುದರಿಂದ ಹೀಗಾಗುತ್ತದೆ. ಗದ್ದೆಯಿಂದ ಬಂದೊಡನೆ ಕಾಲನ್ನು ಶುದ್ಧ ನೀರಿನಲ್ಲಿ ತೊಳೆದು ಒರೆಸಿಕೊಂಡರೆ ತುರಿಕೆ ಕಡಿಮೆಯಾಗುತ್ತದೆ. ಹಸಿ ಹಿಕ್ಕೆಯನ್ನು ಕೊತ್ತಂಬರಿ, ಮೆಂತ್ಯೆಯಂತಹ ಸೊಪ್ಪಿನ ಮಡಿಗೆ ಎಂದಿಗೂ ಹಾಕಬಾರದು. ಮೂರು ನಾಲ್ಕು ತಿಂಗಳು ತಿಪ್ಪೆಯಲ್ಲಿ ಕಳಿತ ಮೇಲೆಯೇ ಅದನ್ನು ತರಕಾರಿಗೆ ಬಳಸಬಹುದು.

ಹಿಂಡು ತರುಬುವ ವಿಚಾರವಿರುವ ರೈತರು ಕೊಯ್ಲಿಗೆ ಮೊದಲೇ ಅಕ್ಕಪಕ್ಕದವರೊಡನೆ ಮಾತಾಡಿಕೊಂಡಿರಬೇಕು. ಯಂತ್ರ ಹೊರಬಿದ್ದ ಸಂಜೆಯೇ ಯಾರೋ ಒಬ್ಬರು ಹುಲ್ಲಿಗೆ ಕಡ್ಡಿ ಗೀರಿದರೆ ಗಾಳಿ ಬಂದ ಕಡೆ ನಾಲ್ಕು ಗದ್ದೆಯೂ ಸುಡುತ್ತವೆ, ಆ ವರ್ಷ ಹಿಂಡು ಮುಂದಿನ ಊರಿಗೆ ಹೋಗುತ್ತದೆ.